ಲ್ಯಾಕ್ಟೇಟ್ ರಿಪೋರ್ಟ್ ಓದುವುದು ಹೇಗೆ: ಓಡುವವರಿಗೂ, ಐಸಿಯು ಹೊರಗೆ ಕಾಯುವವರಿಗೂ

ಬೆಂಗಳೂರಿನಲ್ಲಿ ಲ್ಯಾಕ್ಟೇಟ್ ಎಂಬ ಮಾತು ಎರಡು ಕಡೆ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಬೆಳಗಿನ ಹೊತ್ತು ಕಬ್ಬನ್ ಪಾರ್ಕು, ಲಾಲ್‌ಬಾಗಿನಲ್ಲಿ ಓಡುವವರ ಬಾಯಲ್ಲಿ: "ಕಾಲಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ, ಅದಕ್ಕೇ ನೋವು." ಇನ್ನೊಂದು ಕಡೆ ಐಸಿಯು ಬಾಗಿಲಲ್ಲಿ: "ನಿಮ್ಮ ತಂದೆಯವರ ಲ್ಯಾಕ್ಟೇಟ್ ಜಾಸ್ತಿ ಬಂದಿದೆ, ನೋಡ್ತಾ ಇದ್ದೀವಿ." ಎರಡೂ ಕಡೆ ಜನ ಅದನ್ನು ವಿಷವೆಂದುಕೊಂಡು ಗಾಬರಿಯಾಗುತ್ತಾರೆ.

ಓಡುವವರು ಲ್ಯಾಕ್ಟಿಕ್ ಆಸಿಡ್ ಅನ್ನುವ ಈ ಲ್ಯಾಕ್ಟೇಟ್ ನಮ್ಮ ಮೈ ದಿನವಿಡೀ ತಯಾರಿಸಿ ದಿನವಿಡೀ ಖರ್ಚು ಮಾಡುವ ಇಂಧನ. ಅದರ ಅಂಕಿ ಏರಿದೆ ಎಂದಾಗ ಕೇಳಬೇಕಾದ ಪ್ರಶ್ನೆ ಎರಡೇ. ತಯಾರಿ ಹೆಚ್ಚಾಗಿದೆಯೋ, ಖರ್ಚು ಕಡಿಮೆಯಾಗಿದೆಯೋ? ಕೆಲವು ಗಂಟೆಗಳ ಹಿಂದೆ ಎಷ್ಟಿತ್ತು? ಈ ಪ್ರಶ್ನೆಗಳನ್ನು ತಿಳಿದು ಕೇಳುವಷ್ಟು ಸಿದ್ಧತೆ ಓದುಗರಿಗೆ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಚಿಕಿತ್ಸೆಯ ತೀರ್ಮಾನ ಮಾತ್ರ ರೋಗಿಯನ್ನು ಕಣ್ಣಾರೆ ನೋಡುತ್ತಿರುವ ವೈದ್ಯರದ್ದೇ.

ಹೆಜ್ಜೆ 1: ಮೈಯೊಳಗಿನ ಜಮಾ ಖರ್ಚು ತಿಳಿದುಕೊಳ್ಳಿ

ತಿಂದ ಅನ್ನ, ಮುದ್ದೆ, ಚಪಾತಿ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರುತ್ತವೆ. ಜೀವಕೋಶ ಒಂದು ಗ್ಲೂಕೋಸನ್ನು ಒಡೆದು ಎರಡು ಪೈರುವೇಟ್ ಮಾಡುತ್ತದೆ. ಪೈರುವೇಟಿಗೆ ಅಲ್ಲಿಂದ ಎರಡು ದಾರಿ. ಜೀವಕೋಶದ ಒಲೆಯಂತಿರುವ ಮೈಟೊಕಾಂಡ್ರಿಯಾದ ಒಳಗೆ ಹೋದರೆ ಆಮ್ಲಜನಕದ ನೆರವಿನಿಂದ ಪೂರ್ತಿ ಉರಿದು ಬೇಕಾದಷ್ಟು ಶಕ್ತಿ ಕೊಡುತ್ತದೆ. ಹೊರಗೇ ಉಳಿದರೆ ಎಲ್‌ಡಿಎಚ್ ಎಂಬ ಕಿಣ್ವ ಅದನ್ನು ಲ್ಯಾಕ್ಟೇಟ್ ಮಾಡುತ್ತದೆ. ಹಾಗೆ ಮಾಡುವಾಗ ಎನ್‌ಎಡಿ ಎಂಬ ಸಹಾಯಕ ಅಣು ಮತ್ತೆ ಕೆಲಸಕ್ಕೆ ಸಿಗುವುದರಿಂದ ಗ್ಲೂಕೋಸ್ ಒಡೆಯುವ ಕೆಲಸ ನಿಲ್ಲದೆ ಸಾಗುತ್ತದೆ.

ಲ್ಯಾಕ್ಟೇಟ್ ತಯಾರಿ ಆಮ್ಲಜನಕ ಇಲ್ಲದಾಗ ಮಾತ್ರ ನಡೆಯುತ್ತದೆ ಎಂದು ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಓದಿದ್ದೇವೆ. ಅದು ಅರ್ಧ ಸತ್ಯ. ಕೆಂಪು ರಕ್ತಕಣಗಳಿಗೆ ಮೈಟೊಕಾಂಡ್ರಿಯಾ ಇಲ್ಲವೇ ಇಲ್ಲ. ಅವು ಹೊತ್ತು ತಿರುಗುವುದು ಆಮ್ಲಜನಕವನ್ನೇ ಆದರೂ ಸ್ವಂತ ಖರ್ಚಿಗೆ ಗ್ಲೂಕೋಸ್ ಒಡೆದು ಲ್ಯಾಕ್ಟೇಟನ್ನೇ ಹೊರಬಿಡುತ್ತವೆ. ಚರ್ಮ, ಮಿದುಳು, ಕರುಳು, ಸ್ನಾಯು ಕೂಡ ನಾವು ಮಲಗಿ ನಿದ್ದೆ ಮಾಡುವಾಗಲೂ ಅಷ್ಟಿಷ್ಟು ತಯಾರಿಸುತ್ತಲೇ ಇರುತ್ತವೆ. 60 ಕೆ.ಜಿ. ತೂಕದವರ ಮೈಯಲ್ಲಿ ದಿನಕ್ಕೆ ಸುಮಾರು 1,200 ಮಿಲಿಮೋಲ್, ಅಂದರೆ ನೂರು ಗ್ರಾಂಗೂ ಮಿಕ್ಕ ಲ್ಯಾಕ್ಟೇಟ್ ತಯಾರಾಗುತ್ತದೆ. ಆದರೂ ರಕ್ತ ಪರೀಕ್ಷಿಸಿದರೆ ಸಿಗುವುದು ಲೀಟರಿಗೆ 1 ಮಿಲಿಮೋಲಿನ ಆಸುಪಾಸು. ಬಂದ ವೇಗದಲ್ಲೇ ಖಾಲಿಯಾಗುತ್ತಿರುವುದೇ ಇದಕ್ಕೆ ಕಾರಣ.

ಖರ್ಚು ಮಾಡುವವರಲ್ಲಿ ದೊಡ್ಡ ಪಾಲು ಲಿವರಿನದು. ಲ್ಯಾಕ್ಟೇಟನ್ನು ಎಳೆದುಕೊಂಡು ಮತ್ತೆ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಸ್ನಾಯುವಿನಿಂದ ಲಿವರಿಗೆ, ಲಿವರಿನಿಂದ ಸ್ನಾಯುವಿಗೆ ತಿರುಗುವ ಈ ಚಕ್ರವನ್ನು ಕಂಡುಹಿಡಿದವರು ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿ. 1947ರಲ್ಲಿ ನೊಬೆಲ್ ಬಂತು. ವೈದ್ಯಕೀಯ ವಿಭಾಗದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಗರ್ಟಿ. ಲಿವರಿನ ನಂತರದ ಪಾಲು ಕಿಡ್ನಿಯದು. ಹೃದಯ ಅಂತೂ ಲ್ಯಾಕ್ಟೇಟನ್ನು ನೇರವಾಗಿ ಉರಿಸಿಕೊಂಡು ಬಡಿಯುತ್ತದೆ. ಒಂದು ಸ್ನಾಯು ತಯಾರಿಸಿದ್ದನ್ನು ಪಕ್ಕದ ಸ್ನಾಯು ಉರಿಸುತ್ತದೆ ಎಂಬುದನ್ನು 1980ರ ದಶಕದಿಂದ ಒತ್ತಿ ಹೇಳುತ್ತ ಬಂದವರು ಕ್ಯಾಲಿಫೋರ್ನಿಯಾದ ವಿಜ್ಞಾನಿ ಜಾರ್ಜ್ ಬ್ರೂಕ್ಸ್. ಲ್ಯಾಕ್ಟೇಟಿಗೆ ಅಂಟಿದ್ದ 'ಕಸ' ಎಂಬ ಹೆಸರು ಕಳಚತೊಡಗಿದ್ದು ಆಮೇಲೆ.

ಮನೆಯ ಸಂಪಿನಲ್ಲಿ ನೀರು ಮೇಲಕ್ಕೆ ಬಂದಿದ್ದನ್ನಷ್ಟೇ ನೋಡಿ ಟ್ಯಾಂಕರ್ ಬಂದು ಹೋಯಿತೋ, ಮೇಲಕ್ಕೆ ಎತ್ತುವ ಮೋಟರ್ ಕೆಟ್ಟು ನಿಂತಿತೋ ಹೇಳಲಾಗದು. ರಕ್ತದ ಲ್ಯಾಕ್ಟೇಟ್ ಅಂಕಿಯೂ ಹಾಗೆಯೇ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹೆಜ್ಜೆ 2: ಓಡುವವರು, ಸೈಕಲ್ ತುಳಿಯುವವರು ಏನು ಮಾಡಬೇಕು

ನಂದಿ ಬೆಟ್ಟದ ಕಡೆಯ ತಿರುವುಗಳಲ್ಲಿ ತೊಡೆ ಉರಿದು, ಮಾತು ನಿಂತು, ಏದುಸಿರು ಬರುತ್ತದಲ್ಲ, ಆಗ ತಯಾರಿ ಖರ್ಚನ್ನು ಮೀರಿದೆ ಎಂದು ಅರ್ಥ. ಪಳಗಿದ ಓಟಗಾರರು 400 ಮೀಟರ್ ಜೀವಬಿಟ್ಟು ಓಡಿದ ಮೇಲೆ ರಕ್ತದ ಲ್ಯಾಕ್ಟೇಟ್ ಲೀಟರಿಗೆ 20 ಮಿಲಿಮೋಲ್ ದಾಟುವುದೂ ಉಂಟು. ಐಸಿಯುನಲ್ಲಿ ಆ ಅಂಕಿ ಕಂಡರೆ ಎಲ್ಲರೂ ಓಡಿ ಬರುತ್ತಾರೆ. ಮೈದಾನದಲ್ಲಿ ಆ ಹುಡುಗ ಹತ್ತು ನಿಮಿಷದಲ್ಲಿ ಎದ್ದು ನೀರು ಕುಡಿದು ಹರಟೆ ಹೊಡೆಯುತ್ತಾನೆ. ಅವನ ಲಿವರ್, ಹೃದಯ, ಸ್ನಾಯು ಎಲ್ಲವೂ ಗಟ್ಟಿಯಾಗಿವೆ. ಸುಮಾರು ಒಂದು ಗಂಟೆಯೊಳಗೆ ಅಂಕಿ ಮೊದಲಿನ ಜಾಗಕ್ಕೆ ಇಳಿದಿರುತ್ತದೆ.

ಹಾಗಾಗಿ ಭಾನುವಾರ ಓಡಿ ಸೋಮವಾರ, ಮಂಗಳವಾರ ಮೆಟ್ಟಿಲು ಇಳಿಯಲಾಗದೆ ಒದ್ದಾಡುವ ಮೀನಖಂಡದ ನೋವಿಗೆ ಲ್ಯಾಕ್ಟೇಟ್ ಕಾರಣವಾಗಲಾರದು. ಅದು ಆ ವೇಳೆಗೆ ಎಂದೋ ಗ್ಲೂಕೋಸಾಗಿಯೋ ಉಸಿರಾಗಿಯೋ ಹೋಗಿರುತ್ತದೆ. ಆ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟು ಮತ್ತು ಅದರ ಉರಿಯೂತದ್ದು. ಇಳಿಜಾರಿನಲ್ಲಿ ಓಡಿದಾಗ ಹೆಚ್ಚು. 'ಲ್ಯಾಕ್ಟಿಕ್ ಆಸಿಡ್ ಹೊರಹಾಕುವ' ಮಸಾಜು, ಜ್ಯೂಸು, ಪುಡಿಗಳಿಗೆ ದುಡ್ಡು ಸುರಿಯಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಮಸಾಜಿನಿಂದ ಹಾಯೆನಿಸುತ್ತದೆ ಅನ್ನುವುದಾದರೆ ಹಾಯಾಗಿರಲೆಂದೇ ಮಾಡಿಸಿಕೊಳ್ಳಿ.

ಮಾಡಬೇಕಾದ್ದು ಇಷ್ಟು. ಜೋರಾಗಿ ಓಡಿ ಮುಗಿಸಿದ ಕೂಡಲೇ ಕಲ್ಲುಬೆಂಚಿನ ಮೇಲೆ ಕುಸಿದು ಕೂರಬೇಡಿ. ಹತ್ತು ಹದಿನೈದು ನಿಮಿಷ ನಡೆಯಿರಿ ಅಥವಾ ನಿಧಾನಕ್ಕೆ ಓಡಿ. ಕೆಲಸ ಮಾಡುತ್ತಿರುವ ಸ್ನಾಯು ರಕ್ತದ ಲ್ಯಾಕ್ಟೇಟನ್ನು ಉರಿಸಿಕೊಳ್ಳುವುದರಿಂದ ಸುಮ್ಮನೆ ಕೂತವರಿಗಿಂತ ಬೇಗ ಇಳಿಯುತ್ತದೆ. ವಾರದ ಓಟದಲ್ಲಿ ಹೆಚ್ಚಿನ ಪಾಲು ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಬಲ್ಲ ವೇಗದಲ್ಲೇ ಇರಲಿ. ಮಾತು ತುಂಡುತುಂಡಾಗತೊಡಗಿದ ಹಂತದ ಆಸುಪಾಸಿನಲ್ಲೇ ಲ್ಯಾಕ್ಟೇಟ್ ಏರತೊಡಗುತ್ತದೆ. ವಾರಕ್ಕೆ ಒಂದೆರಡು ಸಲ ಅಲ್ಲಿಗೆ ಹೋಗಿ ಬಂದರೆ ಸಾಕು. ತಿಂಗಳುಗಟ್ಟಲೆ ಹೀಗೆ ಮಾಡಿದಾಗ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾ ಹೆಚ್ಚಿ, ಅದೇ ವೇಗದಲ್ಲಿ ಮಾತು ನಿಲ್ಲದಂತಾಗುತ್ತದೆ. ಇದಕ್ಕಿಂತ ಒಳ್ಳೆಯ ಮೀಟರ್ ನನಗೆ ಗೊತ್ತಿಲ್ಲ.

ಕೋಚ್ ಹತ್ತಿರ ಬೆರಳಿಗೆ ಚುಚ್ಚಿ ನೋಡುವ ಲ್ಯಾಕ್ಟೇಟ್ ಮೀಟರ್ ಇದ್ದರೆ ಒಂದು ಎಚ್ಚರಿಕೆ: ಬೆವರಿನಲ್ಲಿ ರಕ್ತಕ್ಕಿಂತ ಎಷ್ಟೋ ಪಟ್ಟು ಲ್ಯಾಕ್ಟೇಟ್ ಇರುತ್ತದೆ. ಬೆರಳನ್ನು ತೊಳೆದು, ಪೂರ್ತಿ ಒರೆಸಿ, ಒಣಗಿದ ಮೇಲೆ ಚುಚ್ಚಿ. ಮೊದಲ ಹನಿಯನ್ನು ಹತ್ತಿಯಿಂದ ಒರೆಸಿ ಎಸೆದು ಎರಡನೇ ಹನಿಯನ್ನು ಪಟ್ಟಿಗೆ ತಾಗಿಸಿ. ಬೆರಳನ್ನು ಹಿಂಡಬೇಡಿ. ಇಷ್ಟು ಮಾಡದೆ ತೆಗೆದ ಅಂಕಿಯನ್ನು ನಂಬಿ ತರಬೇತಿ ಬದಲಿಸಬೇಡಿ.

ಹೆಜ್ಜೆ 3: ರಿಪೋರ್ಟಿನ ಹೆಸರು, ಮಾನ, ಹೊತ್ತು ನೋಡಿ

ಈಗ ಆಸ್ಪತ್ರೆಯ ಕಡೆ ಬರೋಣ. ಮೊದಲು ಹೆಸರು ಸರಿಯಾಗಿ ಓದಿ. ಲ್ಯಾಕ್ಟೇಟ್ ಬೇರೆ, ಎಲ್‌ಡಿಎಚ್ ಬೇರೆ. ಎಲ್‌ಡಿಎಚ್ ಮೇಲೆ ಹೇಳಿದ ಕಿಣ್ವ. ಕೋವಿಡ್ ಕಾಲದಲ್ಲಿ ಮನೆಮನೆಯ ರಿಪೋರ್ಟಿನಲ್ಲೂ ಅದಿತ್ತು. ಅದರ ಅಂಕಿ ನೂರರ ಲೆಕ್ಕದಲ್ಲಿರುತ್ತದೆ, ಜೀವಕೋಶಗಳಿಗೆ ಪೆಟ್ಟಾದಾಗ ಏರುತ್ತದೆ. ಅದನ್ನು ನೋಡಿ ಲ್ಯಾಕ್ಟೇಟ್ ಇನ್ನೂರೈವತ್ತಾಗಿದೆ ಎಂದು ಅಳುತ್ತ ಫೋನ್ ಮಾಡುವವರಿದ್ದಾರೆ. ಆ ಭಯ ಬೇಡ.

ಎರಡನೆಯದು ಮಾನ. ಕೆಲವು ಲ್ಯಾಬುಗಳು ಲೀಟರಿಗೆ ಮಿಲಿಮೋಲ್ ಎಂದೂ ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಎಂದೂ ಕೊಡುತ್ತವೆ. ಲೀಟರಿಗೆ 1 ಮಿಲಿಮೋಲ್ ಅಂದರೆ ಡೆಸಿಲೀಟರಿಗೆ ಸುಮಾರು 9 ಮಿಲಿಗ್ರಾಂ. ಬೆಳಿಗ್ಗೆ ಒಂದು ಆಸ್ಪತ್ರೆಯಲ್ಲಿ 27 ಇದ್ದದ್ದು ಸಂಜೆ ಇನ್ನೊಂದರಲ್ಲಿ 3 ಬಂದರೆ ಇಳಿದಿಲ್ಲ, ಎರಡೂ ಒಂದೇ. ಈ ಲೇಖನದಲ್ಲಿ ಎಲ್ಲವೂ ಮಿಲಿಮೋಲ್ ಲೆಕ್ಕ. ಆರೋಗ್ಯವಂತರಿಗೆ ವಿಶ್ರಾಂತಿಯಲ್ಲಿ 2ರ ಒಳಗೆ ಇರುತ್ತದೆ. ಜ್ವರ, ಸೋಂಕು ಇದ್ದು 2 ದಾಟಿದರೆ ಕಣ್ಣಿಡಬೇಕು. 4 ದಾಟಿದರೆ ತುರ್ತು.

ಮೂರನೆಯದು ರಕ್ತ ತೆಗೆದ ರೀತಿ. ಇದು ಇತರ ಪರೀಕ್ಷೆಗಳ ಹಾಗಲ್ಲ. ಸಿರಿಂಜಿನೊಳಗೆ ಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಗ್ಲೂಕೋಸ್ ಒಡೆಯುತ್ತಲೇ ಇರುತ್ತವೆ. ಸಾಮಾನ್ಯ ಟ್ಯೂಬಿನಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟರೆ ಅಂಕಿ ತಾನೇ ಏರಿರುತ್ತದೆ. ಅದಕ್ಕೇ ಐಸಿಯುಗಳಲ್ಲಿ ರಕ್ತದೊಳಗಿನ ಅನಿಲಗಳನ್ನು ಅಳೆಯುವ ಎಬಿಜಿ ಯಂತ್ರಕ್ಕೆ ಕೂಡಲೇ ಕೊಡುತ್ತಾರೆ, ಅಥವಾ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿ ಹಾಕಿ ಐಸ್ ಮೇಲಿಟ್ಟು ಲ್ಯಾಬಿಗೆ ಕಳಿಸುತ್ತಾರೆ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೂ, "ಮುಷ್ಟಿ ಬಿಗಿಹಿಡಿದು ಬಿಡಿ, ಹಿಡಿದು ಬಿಡಿ" ಎಂದು ಮಾಡಿಸಿದರೂ ಸುಳ್ಳು ಏರಿಕೆ ಬರಬಹುದು. ಮನೆಗೆ ಬಂದು ರಕ್ತ ತೆಗೆದು, ಬೈಕಿನಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿಸಿ ಲ್ಯಾಬಿಗೆ ಮುಟ್ಟಿಸುವ ವ್ಯವಸ್ಥೆ ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳಿಗೆ ಸರಿ. ಲ್ಯಾಕ್ಟೇಟಿಗೆ ಅದು ಒಗ್ಗದು. ಚೆನ್ನಾಗಿ ಊಟ ಮಾಡಿಕೊಂಡು ಓಡಾಡಿಕೊಂಡಿರುವವರು ಪ್ಯಾಕೇಜಿನಲ್ಲಿದೆ ಅಂತ ಈ ಪರೀಕ್ಷೆ ಮಾಡಿಸುವ ಅಗತ್ಯವೂ ಇಲ್ಲ.

ಮೊಸರು, ಮಜ್ಜಿಗೆಯಿಂದ ಏರುತ್ತದೆಯೇ ಎಂದು ಕೇಳುವವರಿಗೆ: ಊಟದ ಜೊತೆಯ ಮೊಸರು ಈ ಅಂಕಿಯನ್ನು ಅಪಾಯದ ಮಟ್ಟಕ್ಕೆ ಒಯ್ಯುವುದಿಲ್ಲ. ನಿಶ್ಚಿಂತೆಯಿಂದ ತಿನ್ನಿ.

ಹೆಜ್ಜೆ 4: ಏಕೆ ಏರಿತು ಎಂದು ಕೇಳಿ

1976ರಲ್ಲಿ ಕೋಹೆನ್ ಮತ್ತು ವುಡ್ಸ್ ಎಂಬ ವೈದ್ಯರು ಲ್ಯಾಕ್ಟೇಟ್ ಏರಿಕೆಯನ್ನು ಎರಡು ಗುಂಪು ಮಾಡಿದರು. ಅಂಗಾಂಗಗಳಿಗೆ ರಕ್ತ ಅಥವಾ ಆಮ್ಲಜನಕ ಸಾಲದೆ ಬರುವುದು ಒಂದು. ಆಮ್ಲಜನಕ ಸಾಕಷ್ಟಿದ್ದೂ ಬರುವುದು ಇನ್ನೊಂದು. ಭಾರೀ ರಕ್ತಸ್ರಾವ, ಹೃದಯಾಘಾತದಿಂದ ಬಿಪಿ ಕುಸಿಯುವುದು, ಕರುಳಿನ ರಕ್ತನಾಳ ಕಟ್ಟಿಕೊಳ್ಳುವುದು ಮೊದಲ ಗುಂಪು. ಲಿವರ್ ಸೋಲುವುದು, ಕೆಲವು ಔಷಧ, ಮದ್ಯ, ಕ್ಯಾನ್ಸರ್, ಜೀವಸತ್ವದ ಕೊರತೆ ಎರಡನೆಯದು. ರೋಗಿಯ ಮೈಯಲ್ಲಿ ಎರಡೂ ಒಟ್ಟಿಗೆ ಇರುವುದೇ ಹೆಚ್ಚು.

ನಂಜು, ಅಂದರೆ ಸೋಂಕು ಮೈಯೆಲ್ಲ ಹರಡಿ ಅಂಗಾಂಗಗಳು ಕೆಡುವ ಸ್ಥಿತಿ, ಇದಕ್ಕೆ ಒಳ್ಳೆಯ ಉದಾಹರಣೆ. ಬಿಪಿ ಬಿದ್ದು ಅಂಗಗಳಿಗೆ ರಕ್ತ ಸಾಲದಾಗುತ್ತದೆ ಎಂಬುದು ನಿಜ. ಅದರ ಜೊತೆಗೆ ಮೈ ಅಡ್ರಿನಲಿನ್ ಸುರಿಸುತ್ತದೆ. ಅಡ್ರಿನಲಿನ್ ಸ್ನಾಯುವಿಗೆ 'ಗ್ಲೂಕೋಸ್ ಬೇಗ ಒಡೆ' ಎಂದು ಆಜ್ಞೆ ಕೊಡುತ್ತದೆ. ಆಮ್ಲಜನಕ ಇದ್ದರೂ ಲ್ಯಾಕ್ಟೇಟ್ ಏರುತ್ತದೆ. ಅತ್ತ ಲಿವರ್ ಸುಸ್ತಾಗಿ ಖರ್ಚು ಕುಂದುತ್ತದೆ. ಅದಕ್ಕೇ ಬಿಪಿ ಸರಿಯಿರುವ ರೋಗಿಗೂ 4 ಬಂದರೆ ವೈದ್ಯರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಊರಿಗೆಲ್ಲ ಹರಡುವ ಡೆಂಗಿಯಲ್ಲೂ ಇದನ್ನು ನೋಡುತ್ತಾರೆ: ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳದಿಂದ ನೀರಿನಂಶ ಸೋರಿ, ಕೈಕಾಲು ತಣ್ಣಗಾಗಿ, ಲ್ಯಾಕ್ಟೇಟ್ ಏರಬಹುದು. ಜ್ವರ ಬಿಟ್ಟಿತು ಎಂದು ಮನೆಯವರು ನೆಮ್ಮದಿಯಾಗುವ ದಿನವೇ ಜಾಗ್ರತೆ ಬೇಕಾದ ದಿನ. ಪ್ಲೇಟ್‌ಲೆಟ್ ಒಂದನ್ನೇ ದಿಟ್ಟಿಸಿ ಕೂರಬೇಡಿ.

ಫಿಟ್ಸ್ ಬಂದು ಹೋದ ಕೂಡಲೇ ರಕ್ತ ತೆಗೆದರೆ ಹತ್ತರ ಮೇಲೆ ಇರಬಹುದು. ಒಂದೆರಡು ಗಂಟೆಯಲ್ಲಿ ಇಳಿದರೆ ಸರಿ. ಆಸ್ತಮಾಕ್ಕೆ ಸಾಲ್ಬುಟಮಾಲ್ ನೆಬುಲೈಸೇಶನ್ ಮೇಲಿಂದ ಮೇಲೆ ಕೊಟ್ಟಾಗಲೂ ಏರುತ್ತದೆ. ಟಿಬಿ ಚಿಕಿತ್ಸೆಯಲ್ಲಿ ತಿಂಗಳುಗಟ್ಟಲೆ ಲೈನಜೊಲಿಡ್ ತೆಗೆದುಕೊಳ್ಳುವವರಿಗೂ ಏರಬಹುದು. ಕಾರಣವಿಲ್ಲದ ವಾಂತಿ, ಏದುಸಿರು ಶುರುವಾದರೆ ಆ ಮಾತ್ರೆಯ ಹೆಸರನ್ನು ವೈದ್ಯರಿಗೆ ಮೊದಲು ಹೇಳಿ.

ಮೂರು ಕಾರಣಗಳನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಅವುಗಳ ಸುಳಿವು ಇರುವುದು ಮನೆಯವರ ಹತ್ತಿರ.

ಮೊದಲನೆಯದು ಗ್ಯಾಸ್ ಗೀಸರ್. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ; ಬಣ್ಣವಿಲ್ಲ, ವಾಸನೆಯಿಲ್ಲ. ಅದು ಹಿಮೊಗ್ಲೋಬಿನ್ ಅನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ತಲೆನೋವು, ತಲೆಸುತ್ತು ಎಂದು ಹೊರಬರಬಹುದು, ಬರದೆಯೂ ಇರಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗಲೂ 98 ತೋರಿಸುತ್ತದೆ, ಅದಕ್ಕೆ ಎರಡು ಅನಿಲಗಳ ವ್ಯತ್ಯಾಸ ತಿಳಿಯದು. ಅತ್ತ ಲ್ಯಾಕ್ಟೇಟ್ ಏರಿರುತ್ತದೆ. "ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇತ್ತು" ಎಂಬ ಒಂದು ವಾಕ್ಯವನ್ನು ಎಮರ್ಜೆನ್ಸಿಯಲ್ಲಿ ಹೇಳಿದರೆ ವೈದ್ಯರು ಕೂಡಲೇ ಪೂರ್ಣ ಆಮ್ಲಜನಕ ಹಾಕಿ, ಎಬಿಜಿ ಯಂತ್ರದಲ್ಲಿ ಆ ಅನಿಲದ ಮಟ್ಟ ನೋಡಲು ಸಾಧ್ಯವಾಗುತ್ತದೆ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಕಿಟಕಿ ತೆರೆದು, ಗ್ಯಾಸ್ ಆರಿಸಿ, ಹೊರಗೆ ಎಳೆದು ತನ್ನಿ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ; ಬಾಡಿಗೆ ಮನೆಯಾದರೂ ಓನರ್ ಹತ್ತಿರ ಪಟ್ಟು ಹಿಡಿದು ಹಾಕಿಸಿಕೊಳ್ಳಿ.

ಎರಡನೆಯದು ಮೆಟ್‌ಫಾರ್ಮಿನ್. ಸಕ್ಕರೆ ಕಾಯಿಲೆಯವರ ಮಾತ್ರೆ ಡಬ್ಬಿಯಲ್ಲಿ ಇದಿಲ್ಲದ ಮನೆ ಅಪರೂಪ. ಒಳ್ಳೆಯ ಔಷಧ, ಭಯಪಟ್ಟು ಬಿಡಬೇಡಿ. ಅದು ಲಿವರ್ ಲ್ಯಾಕ್ಟೇಟನ್ನು ಗ್ಲೂಕೋಸ್ ಮಾಡುವುದನ್ನು ತುಸು ತಡೆಯುತ್ತದೆ, ಮತ್ತು ಕಿಡ್ನಿಯ ಮೂಲಕವೇ ಹೊರಹೋಗುತ್ತದೆ. ಕಿಡ್ನಿ ಸರಿಯಿರುವ ತನಕ ತೊಂದರೆ ಬಹಳ ಅಪರೂಪ. ವಾಂತಿ ಭೇದಿಯಾಗಿ ಮೈಯ ನೀರೆಲ್ಲ ಹೋಗಿ, ಮೂತ್ರ ಕಡಿಮೆಯಾಗಿ, ಆದರೂ "ಮಾತ್ರೆ ತಪ್ಪಿಸಬಾರದು" ಎಂದು ನುಂಗುತ್ತಲೇ ಇದ್ದಾಗ ಔಷಧ ಮೈಯಲ್ಲೇ ಉಳಿದು ಲ್ಯಾಕ್ಟೇಟ್ ಏರುತ್ತದೆ. ಅಜ್ಜ ಅಜ್ಜಿಯರಿರುವ ಮನೆಯಲ್ಲಿ ಒಂದು ನಿಯಮ ಮಾಡಿಕೊಳ್ಳಿ: ವಾಂತಿ ಭೇದಿ ಶುರುವಾಗಿ ಊಟ ನೀರು ನಿಲ್ಲದಿದ್ದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ, ಮೆಟ್‌ಫಾರ್ಮಿನ್ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಕೇಳಿ. ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟಿನ ಜೊತೆ ಬರುವ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ ಅಂಕಿ 30ಕ್ಕಿಂತ ಕಡಿಮೆಯಿದ್ದರೆ ಈ ಮಾತ್ರೆ ಕೂಡದು. 45ಕ್ಕಿಂತ ಕೆಳಗಿದ್ದರೆ ಪ್ರಮಾಣವನ್ನು ವೈದ್ಯರು ಮತ್ತೆ ನೋಡಬೇಕು. ಸಿಟಿ ಸ್ಕ್ಯಾನಿಗೆ ಡೈ ಹಾಕುವ ಮುಂಚೆಯೂ ಈ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಹೇಳಿ.

ಮೂರನೆಯದು ಥಯಮಿನ್, ಅಂದರೆ ಬಿ1 ಜೀವಸತ್ವ. ನನ್ನ ಮಟ್ಟಿಗೆ ಈ ಲೇಖನದ ಅತಿ ಮುಖ್ಯ ಭಾಗ ಇದೇ. ಪೈರುವೇಟ್ ಮೈಟೊಕಾಂಡ್ರಿಯಾದ ಒಳಗೆ ಉರಿಯಲು ಥಯಮಿನ್ ಬೇಕೇ ಬೇಕು. ಅದಿಲ್ಲದಿದ್ದರೆ ಆಮ್ಲಜನಕ ಎಷ್ಟಿದ್ದರೂ ಎಲ್ಲವೂ ಲ್ಯಾಕ್ಟೇಟ್ ಕಡೆಗೇ ತಿರುಗುತ್ತದೆ. ಮೈಯಲ್ಲಿರುವ ದಾಸ್ತಾನು ಎರಡು ಮೂರು ವಾರಕ್ಕೆ ಮಾತ್ರ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಅಲ್ಪ. ಅದನ್ನೂ ನಾಲ್ಕು ಸಲ ಕಿವುಚಿ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಉಳಿಯುವುದು ಇನ್ನೂ ಅಲ್ಪ.

ಇದು ಬಾಣಂತಿಯ ಮನೆಯಲ್ಲಿ ಜೀವಕ್ಕೇ ಬರಬಹುದು. ತಾಯಿಗೆ ಪಥ್ಯವೆಂದು ಬೇಳೆ, ಕಾಳು, ಸೊಪ್ಪು ಎಲ್ಲ ನಿಲ್ಲಿಸಿ ಬಿಳಿ ಅನ್ನ, ಸಾರಿನಲ್ಲೇ ತಿಂಗಳುಗಟ್ಟಲೆ ಇರಿಸಿದರೆ ಎದೆಹಾಲಿನಲ್ಲೂ ಥಯಮಿನ್ ತೀರಾ ಕಡಿಮೆಯಾಗುತ್ತದೆ. ಎರಡು ಮೂರು ತಿಂಗಳ, ಎದೆಹಾಲನ್ನಷ್ಟೇ ಕುಡಿಯುವ, ಅದುವರೆಗೆ ಮೈಕೈ ತುಂಬಿಕೊಂಡಿದ್ದ ಕೂಸು ಒಂದು ದಿನ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ನರಳುತ್ತದೆ, ಉಸಿರು ಜೋರಾಗುತ್ತದೆ, ಅಳುವ ದನಿ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ನೋಡಿದರೆ ಶ್ವಾಸಕೋಶದ ರಕ್ತನಾಳಗಳ ಒತ್ತಡ ಹೆಚ್ಚಿ ಹೃದಯದ ಬಲಭಾಗ ಹಿಗ್ಗಿದೆ, ಲ್ಯಾಕ್ಟೇಟ್ ಏರಿದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯ ತಜ್ಞರು ಇಂಥ ಕೂಸುಗಳನ್ನು ಗಮನಿಸಿ, ತಾಯಂದಿರ ಪಥ್ಯದ ಊಟದೊಂದಿಗೆ ಇದಕ್ಕಿರುವ ನಂಟನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಥಯಮಿನ್ ಚುಚ್ಚುಮದ್ದು ಬಿದ್ದರೆ ಕೂಸು ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಔಷಧದ ಬೆಲೆಯೋ ತೀರಾ ಅಗ್ಗ.

ಹಿರಿಯರ ಮನಸ್ಸು ನೋಯಿಸದೆ ಇದನ್ನು ಸರಿಪಡಿಸಬಹುದು. ಬಾಣಂತಿಗೆ ರಾಗಿ ಅಂಬಲಿ, ಹೆಸರುಬೇಳೆ ತೊವ್ವೆ, ಹುರುಳಿ ಕಟ್ಟಿನ ಸಾರು, ಎಳ್ಳು, ಕಡಲೆಬೀಜ ಸೇರಲಿ. ಅನ್ನಕ್ಕೆ ಕುಸುಬಲಕ್ಕಿ ಆಗಬಹುದು, ಕುದಿಸಿ ಒಣಗಿಸುವಾಗ ಹೊಟ್ಟಿನ ಜೀವಸತ್ವ ಕಾಳಿನೊಳಗೆ ಇಳಿದಿರುತ್ತದೆ. ಅಕ್ಕಿಯನ್ನು ಒಂದು ಸಲ ತೊಳೆದರೆ ಸಾಕು, ಗಂಜಿ ಚೆಲ್ಲಬೇಡಿ. ಆಸ್ಪತ್ರೆಯಿಂದ ಬರೆದುಕೊಟ್ಟ ಬಿ ಕಾಂಪ್ಲೆಕ್ಸ್ ಮಾತ್ರೆ ಇದ್ದರೆ ತಪ್ಪಿಸಬೇಡಿ. ನಿತ್ಯ ಕುಡಿಯುವವರು, ಬಸಿರಿನಲ್ಲಿ ವಿಪರೀತ ವಾಂತಿಯಾಗುವವರು, ಡಯಾಲಿಸಿಸ್‌ನಲ್ಲಿರುವವರು, ಹೊಟ್ಟೆ ಕಿರಿದಾಗಿಸುವ ಶಸ್ತ್ರಚಿಕಿತ್ಸೆ ಆದವರು ಕೂಡ ಈ ಕೊರತೆಗೆ ಹತ್ತಿರದವರು. ಅಂಥವರಿಗೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಕೊರತೆ ಇನ್ನೂ ಉಲ್ಬಣಿಸಬಹುದು, ಥಯಮಿನ್ ಜೊತೆಗಿರಬೇಕು. ಕಾರಣ ಸಿಗದೆ ಲ್ಯಾಕ್ಟೇಟ್ ಏರುತ್ತಲೇ ಇದ್ದರೆ "ಡಾಕ್ಟ್ರೇ, ಥಯಮಿನ್ ಕೊಟ್ಟಿದ್ದೀರಾ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹೆಜ್ಜೆ 5: ಇಳಿಯುತ್ತಿದೆಯೇ ನೋಡಿ

ಒಂದು ಡೈರಿಯಲ್ಲಿ ಹೊತ್ತು ಮತ್ತು ಅಂಕಿ ಬರೆದಿಟ್ಟುಕೊಳ್ಳಿ. ರಾತ್ರಿ 10ಕ್ಕೆ 5.0, ಬೆಳಗಿನ ಜಾವ 4ಕ್ಕೆ 3.6. ವ್ಯತ್ಯಾಸ 1.4, ಮೊದಲಿನ 5.0ರಲ್ಲಿ ಅದು ಶೇಕಡ 28. ಇದು ಒಳ್ಳೆಯ ಸೂಚನೆ. ಎರಡು ಗಂಟೆಗೆ ಶೇಕಡ 10ರಿಂದ 20 ಇಳಿಕೆಯನ್ನು ಗುರಿಯಾಗಿಟ್ಟು ನಡೆಸಿದ ಅಧ್ಯಯನಗಳಿವೆ. 8ರಿಂದ 5ಕ್ಕೆ ಇಳಿದ ರೋಗಿ, 3ರಲ್ಲೇ ನಿಂತು 3.5ಕ್ಕೆ ಏರಿದ ರೋಗಿಗಿಂತ ನೆಮ್ಮದಿ ಕೊಡಬಹುದು.

ಆದರೆ ಅಂಕಿಯ ಬೆನ್ನು ಹತ್ತಿ ಚಿಕಿತ್ಸೆ ಮಾಡಬಾರದು ಎಂಬುದನ್ನೂ ತಿಳಿದಿರಬೇಕು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳು ನಂಜಿನಿಂದ ಬಿಪಿ ಕುಸಿದ 424 ರೋಗಿಗಳನ್ನು ಎರಡು ಪಾಲು ಮಾಡಿದವು. ಒಂದು ಗುಂಪಿಗೆ ಲ್ಯಾಕ್ಟೇಟ್ ನೋಡಿ ಚಿಕಿತ್ಸೆ. ಇನ್ನೊಂದಕ್ಕೆ ಬೆರಳ ತುದಿಯನ್ನು ಗಾಜಿನಿಂದ 10 ಸೆಕೆಂಡ್ ಒತ್ತಿ ಬಿಟ್ಟು, ಬಿಳಿಚಿದ ಜಾಗಕ್ಕೆ ಮತ್ತೆ ಕೆಂಪು ಬರಲು 3 ಸೆಕೆಂಡಿಗಿಂತ ಹೆಚ್ಚು ಬೇಕೇ ಎಂದು ನೋಡಿ ಚಿಕಿತ್ಸೆ. ಯಂತ್ರದ ಅಂಕಿ ನೋಡಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹಾಗಾಗಿ ಲ್ಯಾಕ್ಟೇಟಿನ ಜೊತೆಗೆ ಗಂಟೆಗೆ ಎಷ್ಟು ಮೂತ್ರ ಬರುತ್ತಿದೆ, ಕೈಕಾಲು ಬೆಚ್ಚಗಿವೆಯೇ, ಕರೆದರೆ ಮಾತಾಡುತ್ತಾರೆಯೇ ಎಂಬುದನ್ನೂ ಕೇಳಿ.

"ಲ್ಯಾಕ್ಟೇಟ್ ಜಾಸ್ತಿ ಇರುವವರಿಗೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಹಾಕುತ್ತಿದ್ದಾರಲ್ಲ?" ಎಂದು ಬಾಟಲಿಯ ಹೆಸರು ಓದಿ ಕೆಂಡವಾಗುವವರಿದ್ದಾರೆ. ಆ ಬಾಟಲಿಯಲ್ಲಿ ಲೀಟರಿಗೆ ಸುಮಾರು 28 ಮಿಲಿಮೋಲ್ ಸೋಡಿಯಂ ಲ್ಯಾಕ್ಟೇಟ್ ಇರುವುದು ನಿಜ. ಅದು ಆಮ್ಲವಲ್ಲ, ಲಿವರಿನಲ್ಲಿ ಬೈಕಾರ್ಬನೇಟ್ ಆಗಿ ಮೈಯ ಆಮ್ಲತೆಯನ್ನು ಕಡಿಮೆಯೇ ಮಾಡುತ್ತದೆ. ಲಿವರ್ ತೀರಾ ಕೆಟ್ಟಿದ್ದರೆ ವೈದ್ಯರು ಬೇರೆ ಡ್ರಿಪ್ ಆರಿಸಬಹುದು. ಡ್ರಿಪ್ ಹೋಗುತ್ತಿರುವ ಕೈಯಿಂದಲೇ ಪರೀಕ್ಷೆಗೆ ರಕ್ತ ತೆಗೆಯಬಾರದು, ಅಷ್ಟೆ.

ಐಸಿಯು ವೈದ್ಯರು ಮಾತಿಗೆ ಸಿಗುವುದು ಕೆಲವೇ ನಿಮಿಷ. ಆಗ ಹೀಗೆ ಕೇಳಿ: "ಸರ್, ಮೊದಲು ಎಷ್ಟಿತ್ತು, ಈಗ ಎಷ್ಟಿದೆ? ಯಾವ ಕಾರಣಕ್ಕೆ ಏರಿದೆ ಅನ್ನಿಸುತ್ತೆ? ಆ ಕಾರಣಕ್ಕೆ ಈಗ ಏನು ಮಾಡ್ತಾ ಇದ್ದೀರಿ?" ಮೂರನೆಯ ಪ್ರಶ್ನೆಗೆ ಬರುವ ಉತ್ತರವೇ ನಿಜವಾದ ಚಿಕಿತ್ಸೆ: ಕೀವಿದ್ದರೆ ತೆಗೆಯುವುದು, ಆಂಟಿಬಯೋಟಿಕ್, ರಕ್ತ, ಡ್ರಿಪ್, ಬಿಪಿ ಏರಿಸುವ ಔಷಧ.

ಹೆಜ್ಜೆ 6: ಮನೆಯಲ್ಲಿದ್ದಾಗ ಯಾವಾಗ ಹೊರಡಬೇಕು

ಜ್ವರದ ಜೊತೆ ಗೊಂದಲದ ಮಾತು, ಕೂತಲ್ಲೇ ಏದುಸಿರು, ಅರ್ಧ ದಿನದಿಂದ ಮೂತ್ರವಿಲ್ಲ, ತಣ್ಣನೆಯ ಕೈಕಾಲು, ಚರ್ಮದ ಮೇಲೆ ನೀಲಿ ಬಲೆಯಂಥ ಮಚ್ಚೆ, ತಡೆಯಲಾಗದ ಹೊಟ್ಟೆನೋವು: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ, ಐಸಿಯು ಇರುವ ಆಸ್ಪತ್ರೆಗೆ ಹೋಗಿ. ಹೆಸರಾಂತ ದೂರದ ಆಸ್ಪತ್ರೆಗೆಂದು ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಕಳೆಯುವ ಬದಲು, ಹತ್ತಿರದಲ್ಲೇ ಮೊದಲ ಆಂಟಿಬಯೋಟಿಕ್ ಮತ್ತು ಡ್ರಿಪ್ ಶುರುವಾಗುವುದು ಮೇಲು. ಹೋಗುವಾಗ ಮಾತ್ರೆ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ.

ಹೆಜ್ಜೆ 7: ಕಾರಣ ಸಿಗದೆ ಮತ್ತೆ ಮತ್ತೆ ಏರಿದರೆ

ನಂಜು ಇಳಿದು ಮನೆಗೆ ಬಂದ ಮೇಲೆ ಲ್ಯಾಕ್ಟೇಟನ್ನು ಪದೇಪದೇ ನೋಡಿಸಬೇಕಿಲ್ಲ. ಮೆಟ್‌ಫಾರ್ಮಿನ್ ನಿಲ್ಲಿಸಿದ್ದರೆ ಮತ್ತೆ ಶುರುಮಾಡುವ ಮುಂಚೆ ಕಿಡ್ನಿ ಪರೀಕ್ಷೆ ಮಾಡಿಸಿ, ಅಷ್ಟು ಸಾಕು.

ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ಸೋಂಕು ಇಲ್ಲದಿದ್ದರೂ ಏರಿರುತ್ತದೆ. ಬೆಳವಣಿಗೆ ಕುಂಠಿತ, ಫಿಟ್ಸ್, ಸ್ನಾಯು ಸೋಲು, ಕಿವಿ ಕೇಳಿಸದಿರುವುದು ಜೊತೆಗಿದ್ದರೆ ಮೈಟೊಕಾಂಡ್ರಿಯಾದ ಹುಟ್ಟುದೋಷ ಇರಬಹುದು. ಅಳುತ್ತ ಕೊಸರಾಡುವ ಮಗುವಿನ ರಕ್ತದಲ್ಲಿ ಸುಳ್ಳು ಏರಿಕೆ ಬರುವುದರಿಂದ ಒಂದೇ ರಿಪೋರ್ಟ್ ಹಿಡಿದು ಆ ಹಣೆಪಟ್ಟಿ ಹಚ್ಚುವುದಿಲ್ಲ. ಶಾಂತವಾಗಿದ್ದಾಗ ಮತ್ತೆ ನೋಡುತ್ತಾರೆ, ಬೇಕಾದರೆ ಬೆನ್ನುನೀರಿನಲ್ಲೂ ಲ್ಯಾಕ್ಟೇಟ್ ನೋಡಿ ಜೀನ್ ಪರೀಕ್ಷೆಗೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಈ ಕಾಯಿಲೆಗಳಲ್ಲಿ ಬಹುಕಾಲದ ಅನುಭವವಿರುವ ಸಂಸ್ಥೆ. ಅಲ್ಲಿಗೆ ಹೋಗುವಾಗ ಹಳೆಯ ಲ್ಯಾಕ್ಟೇಟ್ ರಿಪೋರ್ಟುಗಳನ್ನು ದಿನಾಂಕ, ಹೊತ್ತಿನ ಸಮೇತ ಜೋಡಿಸಿಕೊಳ್ಳಿ. ಫಿಟ್ಸ್ ಬಂದಾಗಿನ ವಿಡಿಯೋ ಇದ್ದರೆ ಫೋನಿನಲ್ಲಿಟ್ಟುಕೊಳ್ಳಿ. ಫಿಟ್ಸಿಗೆ ವಾಲ್ಪ್ರೋಯೇಟ್ ಕೊಡುತ್ತಿದ್ದರೆ ತಪ್ಪದೆ ಹೇಳಿ, ಕೆಲವು ಮೈಟೊಕಾಂಡ್ರಿಯಾ ಕಾಯಿಲೆಗಳಲ್ಲಿ ಅದು ಲಿವರಿಗೆ ಅಪಾಯ, ನೀವಾಗಿಯೇ ನಿಲ್ಲಿಸಬೇಡಿ. ಮೈಟೊಕಾಂಡ್ರಿಯಾದ ಸ್ವಂತ ಡಿಎನ್‌ಎ ತಾಯಿಯಿಂದ ಬರುವುದರಿಂದ ಅಜ್ಜಿ, ಸೋದರಮಾವ, ಚಿಕ್ಕಮ್ಮ ದೊಡ್ಡಮ್ಮಂದಿರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ, ಕಿವುಡು, ಪಾರ್ಶ್ವವಾಯು, ಹೃದಯದ ತೊಂದರೆ ಬಂದಿತ್ತೇ ಎಂದು ತವರಿಗೆ ಫೋನ್ ಮಾಡಿ ವಿಚಾರಿಸಿ, ಬರೆದುಕೊಂಡೇ ಹೋಗಿ.